ಟಿವಿ ಗೇಮಿಗೆ ದನಿ ಕೊಟ್ಟ ಪಾತಮ್ಮ

ಪಾತಮ್ಮನ ಅಣ್ಣ ಬಾವಿಗೆ ಬಿದ್ದಿದ್ದಾನೆಂದು ನಾನು ನಂಬಿದ್ದು ಐದು ನಿಮಿಷದ ಮಟ್ಟಿಗೆ. ಆ ಐದು ನಿಮಿಷದಲ್ಲಿ ದೇವಸಮುದ್ರದ ಸಂತೆಯಲ್ಲಿ ನಾನು ಸಂಪಾದಿಸಿದ ಹೆಸರು ಇವತ್ತಿಗೂ ಅಳಿಸಿಲ್ಲ.

ಸಾವಿರದ ಒಂಬೈನೂರ ತೊಂಬತ್ತೇಳು ಇರಬೇಕು. ಆಗ ನಾನು ಚಳ್ಳಕೆರೆಯಲ್ಲಿ ಜೀವವಿಮೆ ಏಜೆಂಟ್. ಜೊತೆಗೆ ಅಲ್ಲಿನ ವಾರಪತ್ರಿಕೆಯೊಂದಕ್ಕೆ ಹಾಸ್ಯ ಬರೆಯುತ್ತಿದ್ದೆ. ನನ್ನ ಲೇಖನ ಓದಿ ನಕ್ಕವರನ್ನು ನಾನು ಕಂಡಿಲ್ಲ. ಪಾಲಿಸಿ ಮಾಡಿಸಿ ಅಂತ ಹೋದಾಗ ಮಾತ್ರ ಬಹಳ ಜನ ನಗುತ್ತಿದ್ದರು. ಅವತ್ತು ಮೊಳಕಾಲ್ಮುರಿನಿಂದ ದೇವಸಮುದ್ರಕ್ಕೆ ಬಂದು ಬಸ್ಸಿನಿಂದ ಕಾಲು ಕೆಳಗಿಟ್ಟಿದ್ದೇ ತಡ, ಸಂತೆಯ ನಡುವಿನಿಂದ ಹೆಂಗಸಿನ ಕೂಗು ಕೇಳಿಸಿತು.

"ಅಯ್ಯೋ ಬಿದ್ದನಲ್ಲೋ! ನಮ್ಮ ದೊಡ್ಡಣ್ಣ ಬಿದ್ದನಲ್ಲೋ! ಕೈ ಹಿಡಿಯೋರು ಒಬ್ರೂ ಇಲ್ವೇನ್ರೋ!"

ಸುತ್ತ ಐವತ್ತು ಜನ ನಿಂತಿದ್ದಾರೆ, ಶೇಂಗಾ ಬಿಡಿಸಿ ತಿನ್ನುತ್ತಿದ್ದಾರೆ, ಒಬ್ಬನೂ ಅಲ್ಲಾಡುತ್ತಿಲ್ಲ. ನನ್ನ ರಕ್ತ ಕುದಿಯಿತು. ಬಿದ್ದವನು ನನ್ನ ಪಾಲಿಸಿದಾರನೇ ಆಗಿದ್ದರೆ ಎಂಬ ಯೋಚನೆಯೂ ಕುದಿಯುವುದಕ್ಕೆ ಸಹಾಯ ಮಾಡಿತು. ಪಕ್ಕದ ಅಂಗಡಿಯ ರಾಶಿಯಿಂದ ಒಂದು ಸೇದುವ ಹಗ್ಗ ಎಳೆದುಕೊಂಡು, "ಸರೀರಿ! ಮನುಷ್ಯತ್ವ ಇಲ್ವೇನ್ರೀ ನಿಮಗೆ?" ಎಂದು ಗದರುತ್ತ ಗುಂಪಿನೊಳಗೆ ನುಗ್ಗಿದೆ.

ಒಳಗೆ ಬಾವಿ ಇರಲಿಲ್ಲ. ಕರಿ ಕಂಬಳಿಯ ಗುಡಾರದ ಕೆಳಗೆ ಮರದ ಪೆಟ್ಟಿಗೆ, ಅದರ ಮೇಲೆ ಸಣ್ಣ ಕಪ್ಪುಬಿಳುಪು ಟಿವಿ. ಅದರೊಳಗೆ ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಮನುಷ್ಯ ಒಂದು ಹಳ್ಳಕ್ಕೆ ಬಿದ್ದಿದ್ದ. ಟಿವಿಯ ಹಿಂದಿನಿಂದ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ತಲೆ ಹೊರಗೆ ಹಾಕಿ, ನನ್ನನ್ನೂ ಹಗ್ಗವನ್ನೂ ನೋಡಿ ಸಮಾಧಾನವಾಗಿ ಕೇಳಿದಳು:

"ಎಮ್ಮೆ ತಪ್ಪಿಸ್ಕೊಂಡೈತಾ ಸಾಮಿ? ಈ ಕಡೆ ಬರ್ಲಿಲ್ವಲ್ಲ."

ಅವತ್ತಿನಿಂದ ಆ ಹೋಬಳಿಯಲ್ಲಿ ನಾನು ಹಗ್ಗದ ಸಾರು. ಹಗ್ಗದವನು ಅದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಪಾತಮ್ಮ ಅದರಲ್ಲಿ ಟಿವಿ ಕಟ್ಟಿ ಬಸ್ಸಿಗೆ ಹಾಕುವುದನ್ನು ರೂಢಿ ಮಾಡಿಕೊಂಡಳು.

ಅವಳದು ತೊಗಲುಗೊಂಬೆ ಆಡಿಸುವ ಮನೆತನ. ಮೊಳಕಾಲ್ಮುರು ಸೀಮೆಯಲ್ಲಿ ಮಳೆ ತಡವಾದರೆ, ಕುರಿಗೆ ರೋಗ ಬಂದರೆ ಇವರನ್ನು ಕರೆಸಿ ಆಡಿಸುವುದಿತ್ತು. ಗಂಡ ಚಿನ್ನಯ್ಯ ಪರದೆಯ ಹಿಂದೆ ನಿಂತು ಗೊಂಬೆ ಕುಣಿಸುವವನು. ಪಕ್ಕದಲ್ಲಿ ಕೂತು ಮಾತು, ಹಾಡು, ಅಳು, ಜಗಳ ಎಲ್ಲ ಒದಗಿಸುವವಳು ಪಾತಮ್ಮ. ಚಿನ್ನಯ್ಯನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸಿದ್ದರಿಂದಲೋ ಏನೋ, ಅವನು ಮನೆಯಲ್ಲೂ ಮಾತು ಬಿಟ್ಟಿದ್ದ. ಇಬ್ಬರು ಹೆಣ್ಣುಮಕ್ಕಳನ್ನು ರಾಯದುರ್ಗದ ಕಡೆ ಕೊಟ್ಟಿದ್ದರು. ಅವರು ತವರಿಗೆ ಬಂದ ದಿನ ಯಾವ ಊರಿನವರು ಕರೆದರೂ ಪಾತಮ್ಮ ಮನೆ ಬಿಟ್ಟು ಕದಲುತ್ತಿರಲಿಲ್ಲ.

ಊರೂರಿಗೆ ಟಿವಿ ಬಂದ ಮೇಲೆ ಗೊಂಬೆ ಪೆಟ್ಟಿಗೆ ಅಟ್ಟ ಸೇರಿತು. ಪಾತಮ್ಮ ಶೇಂಗಾ ಕೀಳುವ ಕೂಲಿಗೆ ಹೋದಳು. ಬಿಸಿಲು ಅವಳಿಗೆ ಕಷ್ಟವಾಗಲಿಲ್ಲ, ಬಗ್ಗುವುದು ಕಷ್ಟವಾಗಲಿಲ್ಲ. "ಬಾಯಿ ಮುಚ್ಕೊಂಡು ಕೀಳಮ್ಮ" ಎಂದು ಮೇಸ್ತ್ರಿ ಹೇಳುತ್ತಿದ್ದುದು ಕಷ್ಟವಾಯಿತು.

"ಬಾಯಿ ಮುಚ್ಚಿದ್ರೆ ನನಗೆ ಹೊಟ್ಟೆ ಉಬ್ಬರಿಸ್ತೈತೆ ಸಾ. ಡಾಕ್ಟ್ರಿಗೂ ತೋರ್ಸಿದೀನಿ" ಎಂದು ಅವಳು ನನಗೆ ಹೇಳಿದ್ದುಂಟು. ಡಾಕ್ಟರು ಏನಂದರು ಎಂದು ಕೇಳಿದೆ. "ಅವರಿಗೆ ಹೇಳಕ್ಕೆ ನಾನೆಲ್ಲಿ ಬಿಟ್ಟೆ?"

ಗೊಂಬೆಯಾಟದ ಹಾರ್ಮೋನಿಯಂ ಮಾರಿ ಬರಲು ಬಳ್ಳಾರಿಗೆ ಹೋದ ಚಿನ್ನಯ್ಯ ಅದರ ಬದಲು ಒಂದು ಹಳೇ ಟಿವಿ, ಒಂದು ಗೇಮ್ ಡಬ್ಬಿ, ಡಬ್ಬಿಯೊಳಗೆ ತುರುಕುವ ಒಂದೇ ಒಂದು ಕ್ಯಾಸೆಟ್ಟು ಹೊತ್ತುಕೊಂಡು ಬಂದ. ಟ್ರ್ಯಾಕ್ಟರ್ ಬ್ಯಾಟರಿಗೆ ತಂತಿ ಕೊಟ್ಟರೆ ಟಿವಿ ಹತ್ತುತ್ತಿತ್ತು. ಚಿತ್ರ ಬರುತ್ತಿತ್ತು, ಸದ್ದು ಮಾತ್ರ ಇಲ್ಲ. ಮೋಸ ಹೋದೆನೆಂದು ಚಿನ್ನಯ್ಯ ಹಣೆ ಚಚ್ಚಿಕೊಂಡ. ಪಾತಮ್ಮ ಸೆರಗು ಬಿಗಿದುಕೊಂಡು ಟಿವಿಯ ಹಿಂದೆ ಹೋಗಿ ಕೂತಳು.

ಆಟ ಬಹಳ ಸರಳ. ತಲೆಗೆ ಬಿಳಿ ರುಮಾಲು ಸುತ್ತಿದ ಗಿಡ್ಡ ಮನುಷ್ಯನೊಬ್ಬ ಎಡದಿಂದ ಬಲಕ್ಕೆ ಓಡುತ್ತಾನೆ. ಹಳ್ಳ ಬಂದರೆ ಹಾರಬೇಕು, ಹಾರದಿದ್ದರೆ ಬೀಳಬೇಕು. ಪ್ರತಿ ಕೋಟೆಯ ಕೊನೆಗೆ ದೊಡ್ಡದೊಂದು ಗೂಬೆ ಒಬ್ಬ ಹುಡುಗಿಯನ್ನು ಕಾಲಲ್ಲಿ ಹಿಡಿದುಕೊಂಡು ಮುಂದಿನ ಕೋಟೆಗೆ ಹಾರಿಬಿಡುತ್ತದೆ. ಬರಹವೆಲ್ಲ ಜಪಾನಿ. ಹುಡುಗಿ ಯಾರು, ಗೂಬೆಗೆ ಅವಳ ಮೇಲೆ ಯಾಕೆ ಕಣ್ಣು, ಒಂದೂ ತಿಳಿಯದು. ಪಾತಮ್ಮ ಒಂದೇ ವಾರದಲ್ಲಿ ಎಲ್ಲ ಗೊತ್ತು ಮಾಡಿದಳು. ಹುಡುಗಿ ತಂಗಿ. ರುಮಾಲಿನವನು ಅಣ್ಣ. ಗೂಬೆ ಹೆಣ್ಣು ಕೇಳಿಕೊಂಡು ಬಂದಿತ್ತು, ಇವರು ಕೊಡಲಿಲ್ಲ.

ಒಂದೇ ತೊಡಕು. ಬಿದ್ದು ಸತ್ತವನು ಮತ್ತೆ ಎದ್ದು ಓಡುವುದು ಸಂತೆಯ ಜನಕ್ಕೆ ಒಗ್ಗಲಿಲ್ಲ. "ಲೇ, ಸತ್ತೋನು ಹೆಂಗಲೇ ಎದ್ದ?" ಎಂದು ಗಲಾಟೆ. ಆಟದಲ್ಲಿ ಮೂರು ಸಲ ಬೀಳುವ ಅವಕಾಶವಿತ್ತು. ಪಾತಮ್ಮ ಆ ಮೂವರನ್ನೂ ಬೇರೆ ಬೇರೆ ಮಾಡಿದಳು: ದೊಡ್ಡಣ್ಣ, ನಡುವಣ್ಣ, ಚಿಕ್ಕಣ್ಣ. ಒಬ್ಬೊಬ್ಬರು ಬಿದ್ದಾಗಲೂ ಆಟ ನಿಲ್ಲಿಸುವ ಗುಂಡಿ ಒತ್ತಿಸಿ, ಪೂರ್ತಿ ಅತ್ತು, ಆಮೇಲೆ ಮುಂದಿನವನನ್ನು ಕಳಿಸುತ್ತಿದ್ದಳು.

"ಪಾತಕ್ಕಾ, ಸಾಕು ಬಿಡೇ, ನನ್ನ ಟೈಮ್ ಹೋಗ್ತೈತೆ" ಎಂದು ಕಾಸು ಕೊಟ್ಟು ಆಡುವವನು ಚಡಪಡಿಸಿದರೆ,

"ದೊಡ್ಡಣ್ಣನೇ ಹೋದ, ನಿಂದು ಟೈಮ್ ಹೋದ್ರೆ ಏನಾತು? ಸುಮ್ನೆ ಕೂತ್ಕ" ಎನ್ನುತ್ತಿದ್ದಳು.

ಆಡುವವನು ಒಬ್ಬ, ಅಳು ಕೇಳಲು ಬರುವವರು ಐವತ್ತು. ಬಸ್ಸಿನಲ್ಲೂ ಇದೇ ಕಥೆ. ಟಿವಿಗೆ ಲಗೇಜ್ ಟಿಕೆಟ್ ತಗೋ ಎಂದ ಕಂಡಕ್ಟರನಿಗೆ ಅವಳು, "ಲಗೇಜ್ ಅಲ್ಲ ಕಣಪ್ಪ, ಇದ್ರೊಳಗೆ ಮೂರು ಜನ ಗಂಡಸ್ರು, ಒಂದು ಹೆಣ್ಣು ಮಗ ಅವ್ರೆ" ಅಂದಳು. "ಹಂಗಾದ್ರೆ ನಾಲ್ಕು ಟಿಕೆಟ್ ತಗಾ" ಅಂದ ಅವನು. ಪಾತಮ್ಮ ಒಂದು ಲಗೇಜ್ ಟಿಕೆಟ್ಟೇ ತಗೊಂಡಳು.

ಆ ಕ್ಯಾಸೆಟ್ಟಿಗೆ ಒಬ್ಬ ಮೂಲಪುರುಷ ಇದ್ದಾನೆಂದು ನನಗೆ ತಿಳಿದದ್ದು ಬೆಂಗಳೂರಿನಲ್ಲಿ. ಏಜೆಂಟರ ಸಭೆಗೆ ಹೋಗಿದ್ದಾಗ ಹೋಟೆಲಿನಲ್ಲಿ ಬಿದ್ದಿದ್ದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅದೇ ರುಮಾಲು, ಅದೇ ಗೂಬೆ! ಪಕ್ಕದಲ್ಲಿ ಅದನ್ನು ಮಾಡಿದ ಜಪಾನಿನ ಮಹಾಶಯನ ಫೋಟೋ. ಅವನ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಆದ್ದರಿಂದ ಬರೆಯುವುದಿಲ್ಲ. ಅವನು ಬರುವ ಮುಂಚೆ ಗೇಮ್ ಎಂದರೆ ಬರೀ ಗುಂಡು ಹೊಡೆಯುವುದಂತೆ. ಅವನು ಎರಡು ಹೊಸ ವಿದ್ಯೆ ತಂದನಂತೆ. ಒಂದು, ಬಾಯಿಬಿಟ್ಟು ಏನನ್ನೂ ಹೇಳಬಾರದು. ಮೊದಲು ಸಣ್ಣ ಹಳ್ಳ ಇಡು, ಬಿದ್ದು ಕಲಿಯಲಿ. ಆಮೇಲೆ ದೊಡ್ಡದು ಇಡು. ಎರಡು, ಆಟಕ್ಕೆ ಕೊನೆ ಇರಬಾರದು. ಕೊನೆಯ ಕೋಟೆ ಗೆದ್ದು ಹುಡುಗಿಯನ್ನು ಬಿಡಿಸಿಕೊಂಡ ಮರುಗಳಿಗೆಯಲ್ಲೇ ಗೂಬೆ ಮತ್ತೆ ಬಂದು ಅವಳನ್ನು ಎತ್ತಿಕೊಂಡು ಹೋಗುತ್ತದೆ. ಮತ್ತೆ ಮೊದಲಿನಿಂದ ಓಡು, ಈ ಸಲ ಹಳ್ಳಗಳು ಇನ್ನೂ ಅಗಲ. ಜಗತ್ತಿನಲ್ಲಿ ಈಗ ಗೇಮ್ ಮಾಡುವವರೆಲ್ಲ ಇವೆರಡನ್ನು ಕಣ್ಣಿಗೊತ್ತಿಕೊಂಡು ನಕಲು ಮಾಡುತ್ತಾರಂತೆ.

ನಾನು ರೋಮಾಂಚನಗೊಂಡೆ. ಇಂಥ ಜಾಗತಿಕ ಸಂಗತಿ ಚಳ್ಳಕೆರೆ ತಾಲ್ಲೂಕಿನಲ್ಲಿ ನನ್ನೊಬ್ಬನಿಗೇ ಗೊತ್ತಿದೆ ಎಂಬುದೇ ಒಂದು ಜವಾಬ್ದಾರಿಯಾಗಿ ಹೆಗಲ ಮೇಲೆ ಕೂತಿತು. ಎಣ್ಣೆ ಮಿಲ್ಲಿನವರ ಸಂಘದ ವಾರ್ಷಿಕೋತ್ಸವದಲ್ಲಿ 'ಆಧುನಿಕ ಕ್ರೀಡೆಯಲ್ಲಿ ಮೌನದ ಪಾತ್ರ' ಎಂಬ ವಿಷಯವಾಗಿ ಒಂದೂವರೆ ಗಂಟೆ ಮಾತಾಡಿದೆ. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಮಿಲ್ ಮಾಲೀಕ ಶಾಂತವೀರಪ್ಪನವರು ಎದ್ದು, "ಇದರಿಂದ ಶೇಂಗಾ ಎಣ್ಣೆ ರೇಟಿಗೆ ಏನಾದ್ರೂ ಅನುಕೂಲ ಐತಾ?" ಎಂದು ಕೇಳಿದರು. ಇಲ್ಲ ಅಂದೆ. ವಂದನಾರ್ಪಣೆಯಾಯಿತು, ಮೆಣಸಿನಕಾಯಿ ಬೋಂಡ ಚೆನ್ನಾಗಿತ್ತು.

ಪಾತಮ್ಮನಿಗಾದರೂ ತಿಳಿಸೋಣವೆಂದು ಮುಂದಿನ ಸಂತೆಗೆ ಹೋದೆ. "ಪಾತಕ್ಕ, ಇದನ್ನ ಮಾಡಿದೋನು ಯಾರೂ ಏನೂ ಹೇಳಬಾರದು ಅಂತಾನೇ ಮಾಡಿದಾನೆ. ನೋಡೋರು ತಾವಾಗೇ ತಿಳ್ಕೋಬೇಕು. ನೀನು ನೋಡಿದ್ರೆ ಬೆಳಗಿಂದ ಸಂಜೆ ತನಕ ಮಾತಾಡ್ತೀಯ!"

ಅವಳು ಮರುಕದಿಂದ ತಲೆಯಾಡಿಸಿದಳು. "ಪಾಪ, ಅವನಿಗೆ ಹೇಳಕ್ಕೆ ಬರ್ತಿರ್ಲಿಲ್ಲೇನೋ. ಗೊಂಬೆ ಕುಣಿಸೋರಿಗೆ ಮಾತು ಬರಲ್ಲ ಸಾ. ನಮ್ಮ ಯಜಮಾನರನ್ನೇ ನೋಡ್ರಿ."

ಚಿನ್ನಯ್ಯ ಹೌದೆಂದು ತಲೆದೂಗಿದ. ಎರಡನೆಯ ವಿದ್ಯೆಯನ್ನು ವಿವರಿಸುವಷ್ಟರಲ್ಲಿ ನನ್ನ ಬಸ್ಸು ಬಂತು.

ಪ್ರಭಾವದ ಮಾತು ಬಂತಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಜಗತ್ತಿನ ಮೇಲೆ ಜಪಾನಿನವನ ಪ್ರಭಾವ ಎಷ್ಟೋ, ಈ ಕಡೆ ಪಾತಮ್ಮನದೂ ಅಷ್ಟೇ. ದೇವಸಮುದ್ರದಲ್ಲಿ ಹಿರಿಯರು ಕೂಡ ಚರಂಡಿ ದಾಟುವಾಗ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಓಡಿಬಂದು ಹಾರುತ್ತಿದ್ದರು. ಎರಡು ಸಾವಿರನೇ ಇಸವಿ ದಾಟಿದ ಮೇಲೆ ಮೊಳಕಾಲ್ಮುರಿನ ಬಸ್ ಸ್ಟ್ಯಾಂಡ್ ಹತ್ತಿರ ಕಲರ್ ಟಿವಿ ಇಟ್ಟ ಗೇಮ್ ಅಂಗಡಿಯೊಂದು ಬಂತು. ಅಲ್ಲಿ ಮೋಟರ್ ಬೈಕ್ ರೇಸು. ಬೈಕು ಗುದ್ದಿಕೊಂಡ ಕೂಡಲೇ ಹುಡುಗರು ಆಟ ನಿಲ್ಲಿಸಿ, "ಅಯ್ಯೋ ದೊಡ್ಡಣ್ಣಾ" ಎಂದು ಒಂದು ಸಾಲು ಅತ್ತು ಮುಂದುವರಿಸುವುದನ್ನು ನಾನೇ ಕಂಡಿದ್ದೇನೆ. ಅಂಗಡಿಯವನು ಹೊಸಪೇಟೆಯವನು. ಈ ಊರಿನವರಿಗೆ ಏನೋ ಕಾಯಿಲೆ ಎಂದುಕೊಂಡಿದ್ದ.

ಆದರೆ ಇದೆಲ್ಲ ಬೇರೂರುವ ಮೊದಲು ಒಂದು ಗಂಡಾಂತರ ಬಂದಿತ್ತು. ಅದು ಜಂಬುಲಿಂಗಪ್ಪನವರ ರೂಪದಲ್ಲಿ ಬಂತು.

ಜಂಬುಲಿಂಗಪ್ಪನವರು ದೇವಸಮುದ್ರದ ಸಂತೆ ಕಮಿಟಿಯ ಅಧ್ಯಕ್ಷರು. ಬದನೆಕಾಯಿ ಎಲ್ಲಿ ಕೂರಬೇಕು, ಕುರಿ ಎಲ್ಲಿ ನಿಲ್ಲಬೇಕು ಎಂಬುದು ಅವರ ಅಪ್ಪಣೆ. ಸೀನು ಬಂದರೂ ಸುತ್ತ ಒಮ್ಮೆ ನೋಡಿ, ಜನ ಸಾಕಷ್ಟಿದ್ದಾರೆಂದು ಖಾತ್ರಿಯಾದ ಮೇಲೇ ಸೀನುತ್ತಿದ್ದರು. ಅವತ್ತು ಅವರು ಕುರ್ಚಿ ಹಾಕಿಸಿಕೊಂಡು ಪಾತಮ್ಮನ ಆಟ ನೋಡುತ್ತಿದ್ದರು. ಆಡುತ್ತಿದ್ದವನು ಮೊಳಕಾಲ್ಮುರಿನ ನೇಕಾರ, ತೆಲುಗು ಮನೆಮಾತಿನ ರಾಮಾಂಜನೇಯ. ರೇಷ್ಮೆ ಸೀರೆ ನೇಯುವ ಕೈ, ಬೆರಳು ಚುರುಕು. ನೂಲು ತರುತ್ತೇನೆಂದು ಮನೆಯಲ್ಲಿ ಹೇಳಿ ಪಾತಮ್ಮ ಹೋದ ಸಂತೆಗೆಲ್ಲ ಬರುತ್ತಿದ್ದ. ಅವತ್ತು ಮೊಟ್ಟಮೊದಲ ಬಾರಿಗೆ ಒಬ್ಬ ಕೊನೆಯ ಕೋಟೆ ಮುಟ್ಟಿದ್ದ. ಉಳಿದಿದ್ದವನು ಚಿಕ್ಕಣ್ಣ ಒಬ್ಬನೇ. ಕೊನೆಯ ಹಳ್ಳದ ಮೇಲೆ ಅವನು ಹಾರಿದ. ಹಾರಿ ಇನ್ನೂ ಗಾಳಿಯಲ್ಲಿದ್ದಾಗಲೇ ಬ್ಯಾಟರಿ ಕೂತುಹೋಯಿತು. ಚಿತ್ರ ಕುಗ್ಗಿ ಕುಗ್ಗಿ ಬಿಳಿ ಚುಕ್ಕೆಯಾಗಿ ಮಾಯವಾಯಿತು.

"ಏನಾತು?" ಜಂಬುಲಿಂಗಪ್ಪನವರು ಎದ್ದು ನಿಂತರು. "ಬಿದ್ನಾ, ದಾಟಿದ್ನಾ?"

"ಗೊತ್ತಿಲ್ಲ ಯಜಮಾನ್ರೆ" ಅಂದಳು ಪಾತಮ್ಮ. "ನಡುವೆ ಅವ್ನೆ."

ಆ ವಾರ ಯಜಮಾನರ ಟಗರು ಕಾಳಗದಲ್ಲಿ ಸೋತು ಓಡಿತು. ಬೋರ್‌ವೆಲ್ ಮೋಟರು ಸುಟ್ಟಿತು. ಎರಡು ದಿನಕ್ಕೆಂದು ಬಂದ ಅಳಿಯ ಹೊರಡುವ ಮಾತೇ ಎತ್ತಲಿಲ್ಲ. ಎಲ್ಲಕ್ಕೂ ಕಾರಣ ಅವರಿಗೆ ಥಟ್ಟನೆ ಹೊಳೆಯಿತು. ಮುಂದಿನ ಸಂತೆಯಲ್ಲಿ ಜನರ ಮುಂದೆ ಪಾತಮ್ಮನನ್ನು ಕರೆಸಿದರು.

"ಕಥೆ ಎತ್ತಿದ ಮ್ಯಾಲೆ ಮಂಗಳ ಹಾಡದೆ ಪೆಟ್ಟಿಗೆ ಮುಚ್ಚಿದ್ರೆ ಊರಿಗೆ ಆಗಿಬರಲ್ಲ. ಇದನ್ನ ನಮಗೆ ಹೇಳಿಕೊಟ್ಟೋಳು ಯಾರು? ಗೊಂಬೆ ಆಡಿಸ್ತಿದ್ದ ನಿಮ್ಮತ್ತೆ. ಹೌದಾ ಅಲ್ವಾ?"

"ಹೌದು ಯಜಮಾನ್ರೆ."

"ಆ ಹುಡುಗಿನ ಗೂಬೆ ಕಾಲಾಗೆ ಬಿಟ್ಟು ಬಸ್ಸು ಹತ್ತಿದ್ಯಲ್ಲ! ಬರೋ ಸಂತೆಗೆ ಅವಳನ್ನ ಮನೆಗೆ ತಂದು ಮಂಗಳ ಹಾಡು. ಆಗ್ಲಿಲ್ಲ ಅಂದ್ರೆ ಈ ಹೋಬಳೀಲಿ ಆ ಟಿವಿ ಬಿಚ್ಚಂಗಿಲ್ಲ."

ಅವತ್ತು ವಾಪಸ್ ಬಸ್ಸಿನಲ್ಲಿ ಪಾತಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ತುಂಬ ಹೊತ್ತು ಮಾತಿಲ್ಲ. ಹಿಂದಿನ ಸೀಟಿನಿಂದ ಚಿನ್ನಯ್ಯ ಗಾಬರಿಯಾಗಿ ಎರಡು ಸಲ ಬಗ್ಗಿ ನೋಡಿದ. ಕೊನೆಗೆ ಅವಳೇ ಅಂದಳು: "ಮತ್ತೆ ಶೇಂಗಾ ಹೊಲಕ್ಕೆ ಹೋಗಕ್ಕೆ ನನಗೇನು ನಾಚಿಕೆ ಇಲ್ಲ ಸಾ. ಬಾಯಿ ಮುಚ್ಚಬೇಕಲ್ಲ, ಅದು. ಇನ್ನು ಆ ಹುಡುಗಿ. ಯಜಮಾನ್ರು ಹೇಳಿದ್ದು ಸುಳ್ಳಲ್ಲ. ಕಥೆ ಎತ್ತಿದೋಳು ನಾನೇ ಅಲ್ವಾ? ಅವಳು ಇನ್ನೂ ಅಲ್ಲೇ ಅವ್ಳೆ."

ಮುಂದಿನ ಸಂತೆಯ ದಿನ ಯಜಮಾನರು ಸ್ವಂತ ಟ್ರ್ಯಾಕ್ಟರಿನ ಹೊಸ ಬ್ಯಾಟರಿಯನ್ನೇ ಬಿಚ್ಚಿಸಿ ತಂದರು. ಟಿವಿಗೆ ಚೆಂಡುಹೂವಿನ ಹಾರ ಬಿತ್ತು. ತೆಂಗಿನಕಾಯಿ ಒಡೆದರು. ನಾನೂ ಸುಮ್ಮನಿರಲಿಲ್ಲ. ಬೆಂಗಳೂರಿನ ಪತ್ರಿಕೆಯ ಸಾರಾಂಶವನ್ನು ಯಜಮಾನರ ಕಿವಿಗೆ ಹಾಕಿದೆ: ಆಟ ಗೆಲ್ಲಬೇಕಾದರೆ ಅದನ್ನು ಮಾಡಿದವನ ಇಚ್ಛೆಯಂತೆ ನಡೆಯಬೇಕು, ಅವನ ಇಚ್ಛೆ ಮೌನ. ಯಜಮಾನರಿಗೆ ಅಪ್ಪಣೆ ಕೊಡಲು ಇನ್ನೊಂದು ವಿಷಯ ಸಿಕ್ಕಿತು. "ಯಾರೂ ಉಸಿರೆತ್ತಂಗಿಲ್ಲ! ಪಾತಮ್ಮ, ನೀನೂ!"

ಪಾತಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಟಿವಿಯ ಹಿಂದೆ ಕೂತಳು.

ಉದ್ಘಾಟನೆ ಯಜಮಾನರದೇ ಆಗಬೇಕಲ್ಲ. ರಾಮಾಂಜನೇಯನ ಕೈಯಿಂದ ಗುಂಡಿಗಳ ಹಲಗೆ ಇಸಿದುಕೊಂಡು, ಪಂಚೆ ಸರಿಮಾಡಿಕೊಂಡು, ಠೀವಿಯಿಂದ ಒತ್ತಿದರು. ದೊಡ್ಡಣ್ಣ ನೇರ ನಡೆದುಕೊಂಡು ಹೋಗಿ ಮೊದಲನೇ ಹಳ್ಳಕ್ಕೆ ಬಿದ್ದ. ಜಪಾನಿನವನು ಕಲಿಯುವವರಿಗೆಂದು ಇಟ್ಟಿದ್ದ ಆ ಸಣ್ಣ ಹಳ್ಳಕ್ಕೆ.

ನಗುವಂತಿಲ್ಲ, ಅಳುವಂತಿಲ್ಲ, ಅಪ್ಪಣೆಯಾಗಿದೆ. ಇಡೀ ಸಂತೆ ನಗು ತಡೆದು ಕೆನ್ನೆ ಊದಿಸಿಕೊಂಡು ನಿಂತಿತು. "ಒತ್ತಿದ್ದೆ ಕಣ್ರಲೇ, ಅದೇ ಕೇಳ್ಲಿಲ್ಲ" ಎಂದು ಯಜಮಾನರು ಹಲಗೆಯನ್ನು ರಾಮಾಂಜನೇಯನಿಗೆ ಕೊಟ್ಟರು.

ರಾಮಾಂಜನೇಯ ಶುರು ಮಾಡಿದ. ಸದ್ದಿಲ್ಲದೆ ಒಂದು ಕೋಟೆ, ಎರಡು ಕೋಟೆ. ಜನ ಒಬ್ಬೊಬ್ಬರೇ ಬೋಂಡದ ಗಾಡಿಯ ಕಡೆ ಜಾರಿದರು. ಬರೀ ಹಾರುವವನನ್ನು ಎಷ್ಟು ಹೊತ್ತು ನೋಡುತ್ತಾರೆ? ಮೂರನೇ ಕೋಟೆಯಲ್ಲಿ ನಡುವಣ್ಣ ಸುಮ್ಮನೆ ಹೋಗಿ ಹಳ್ಳದಲ್ಲಿ ಇಳಿದುಬಿಟ್ಟ. ಟಿವಿಯ ಹಿಂದಿನಿಂದ ಬಿಕ್ಕಿದ ಶಬ್ದವೊಂದು ಬಂದು ಸೆರಗಿನಲ್ಲಿ ಅಡಗಿತು. ಉಳಿದವನು ಚಿಕ್ಕಣ್ಣ. ರಾಮಾಂಜನೇಯನ ಹಣೆಯಿಂದ ಬೆವರು ಇಳಿಯುತ್ತಿತ್ತು. ಆಟ ನಿಲ್ಲಿಸುವ ಗುಂಡಿ ಒತ್ತಿ, ಹಲಗೆ ಕೆಳಗಿಟ್ಟುಬಿಟ್ಟ.

"ನಾ ವಲ್ಲ ಕಾದು ಸಾರ್, ನನ್ನ ಕೈಲಾಗಲ್ಲ. ಅಮ್ಮ ಮಾತಾಡ್ತಿದ್ರೆ ಕೈ ತಾನಾಗೇ ಹೋಗ್ತೈತೆ. ಬಾಯಿ ಮುಚ್ಚಿದ ಮನೇಲಿ ಮಗ್ಗಾನೂ ಆಡಲ್ಲ. ಅಮ್ಮಾ, ಮಾಟ್ಲಾಡಮ್ಮಾ! ಒಂದು ಮಾತಾಡು!"

ಯಜಮಾನರು ನನ್ನನ್ನು ನೋಡಿದರು. ನಾನು ಜಟಿಂಗ ರಾಮೇಶ್ವರದ ಬೆಟ್ಟದ ಕಡೆ ನೋಡಿದೆ. ಯಾರ ಅಪ್ಪಣೆಗೂ ಕಾಯದೆ ಪಾತಮ್ಮ ಸೆರಗು ತೆಗೆದಳು.

ಎರಡು ವಾರದ ಮಾತು ಒಟ್ಟಿಗೆ ಬಂತು. ಮೊದಲು ದೊಡ್ಡಣ್ಣನಿಗೆ ಅತ್ತಳು, ಕೊಂದವರ ಹೆಸರು ಹೇಳದೆ, ಅವರ ಪಂಚೆಯ ಅಂಚಿನ ಬಣ್ಣ ಮಾತ್ರ ಹೇಳಿ. ಆಮೇಲೆ ನಡುವಣ್ಣನಿಗೆ. ಬೋಂಡದ ಗಾಡಿಯ ಹತ್ತಿರ ಒಬ್ಬರೂ ಉಳಿಯಲಿಲ್ಲ. "ಎದ್ದೇಳೋ ಚಿಕ್ಕಣ್ಣಾ, ಇನ್ನು ನೀನೇ! ಹಿಂದೆ ನೋಡಬ್ಯಾಡ, ಅಲ್ಲಿ ಯಾರೂ ಇಲ್ಲ! ಹಳ್ಳ ಬಂತು, ಬಂತು, ಹಾರೋ ನನ್ನಪ್ಪಾ!" ರಾಮಾಂಜನೇಯನ ಬೆರಳು ಅವಳ ಮಾತಿನ ಬೆನ್ನಿಗೇ ಬಿತ್ತು. ಕೋಟೆಗಳು ಹಿಂದೆ ಸರಿದವು. ಕೊನೆಯ ಕೋಟೆ, ಕೊನೆಯ ಹಳ್ಳ. ಚಿಕ್ಕಣ್ಣ ಹಾರಿದ. ಯಜಮಾನರೂ ಕುರ್ಚಿಯಿಂದ ಹಾರಿದರು. ಇಬ್ಬರೂ ಕ್ಷೇಮವಾಗಿ ಆ ಕಡೆ ಇಳಿದರು.

ಗೂಬೆ ಮಗುಚಿ ಬಿತ್ತು. ಹುಡುಗಿ ನೆಲಕ್ಕೆ ಕಾಲಿಟ್ಟು ಚಿಕ್ಕಣ್ಣನ ಪಕ್ಕ ಬಂದು ನಿಂತಳು.

ಪಾತಮ್ಮ ಮಂಗಳ ಹಾಡಿದಳು. ಚಿನ್ನಯ್ಯ ಕರ್ಪೂರ ಬೆಳಗಿದ. ಜಂಬುಲಿಂಗಪ್ಪನವರು ಟವೆಲಿನಿಂದ ಕಣ್ಣೊರೆಸಿಕೊಂಡು, ಧೂಳು ಬಿತ್ತೆಂದು ಅಕ್ಕಪಕ್ಕದವರಿಗೆ ಹೇಳಿದರು. ಆ ಗುಂಪಿನಲ್ಲಿ ಮುಂದೇನಾಗುತ್ತದೆಂದು ಗೊತ್ತಿದ್ದವನು ನಾನೊಬ್ಬನೇ. ಈಗ ಗೂಬೆ ಮತ್ತೆ ಬರಬೇಕು. ಹೇಳಲೋ ಬೇಡವೋ ಎಂದು ಬಾಯಿ ತೆರೆಯುವಷ್ಟರಲ್ಲಿ ಮಂಗಳದ ಕೊನೆಯ ಸಾಲು ಮುಗಿಯಿತು. ಪರದೆಯ ಮೂಲೆಯಲ್ಲಿ ಕಪ್ಪಗೆ ಏನೋ ಅಲ್ಲಾಡಿತು. ಪಾತಮ್ಮ ಒಂದು ಕೈಯಲ್ಲಿ ಕಂಬಳಿ ಎಳೆದು ಟಿವಿಗೆ ಹೊದಿಸಿ, ಇನ್ನೊಂದು ಕೈಯಲ್ಲಿ ಬ್ಯಾಟರಿಯ ತಂತಿ ಕಿತ್ತಳು.

ಯಜಮಾನರ ಅಳಿಯ ಅವತ್ತೇ ಸಂಜೆ ಊರಿಗೆ ಹೊರಟ. ಟಿವಿ ಇಡಲು ಪಾತಮ್ಮನಿಗೆ ಬದನೆಕಾಯಿಯವರ ಪಕ್ಕದಲ್ಲಿ, ಬೇವಿನ ಮರದ ನೆರಳಿನಲ್ಲಿ ಕಾಯಂ ಜಾಗವೇ ಸಿಕ್ಕಿತು.

ಬಸ್ಸಿಗೆ ಕಾಯುತ್ತ ಟೀ ಕುಡಿಯುವಾಗ ನನಗೆ ತಡೆಯಲಾಗಲಿಲ್ಲ. ಅವಳು ಹಗ್ಗದಿಂದ ಟಿವಿ ಕಟ್ಟುತ್ತಿದ್ದಳು. ಎರಡನೆಯ ವಿದ್ಯೆಯನ್ನು ಪೂರ್ತಿ ವಿವರಿಸಿದೆ: ಆಟ ಅಲ್ಲಿಗೆ ಮುಗಿಯುವುದಿಲ್ಲ, ಗೂಬೆ ಮತ್ತೆ ಹುಡುಗಿಯನ್ನು ಒಯ್ಯುತ್ತದೆ, ಇಡೀ ಜಗತ್ತು ಮೆಚ್ಚಿ ನಕಲು ಮಾಡಿದ ಜಾಗವೇ ಅದು, ಅಲ್ಲಿಗೇ ಸರಿಯಾಗಿ ನೀನು ತಂತಿ ಕಿತ್ತೆ. "ಪಾತಕ್ಕ, ಅಷ್ಟು ದೊಡ್ಡ ಮನುಷ್ಯ ಈಗ ನಿನ್ನ ಎದುರಿಗೇ ನಿಂತಿದ್ರೆ, ಅವನ ಆಟದ ಬಗ್ಗೆ ಏನು ಕೇಳ್ತಿದ್ದೆ?"

ಪಾತಮ್ಮ ಹಗ್ಗದ ಗಂಟನ್ನು ಹಲ್ಲಲ್ಲಿ ಕಚ್ಚಿ ಬಿಗಿಮಾಡಿ, ಬಾಯಿ ಬಿಡಿಸಿಕೊಂಡು ಹೇಳಿದಳು:

"ನಿಮ್ಮನೇಲಿ ಹೆಣ್ಣುಮಕ್ಕಳಿಲ್ಲೇನಪ್ಪಾ ಅಂತ ಕೇಳ್ತಿದ್ದೆ."